ಹಿಂಬದಿ ಸೀಟಿನವರಿಗೆ ವಿಮೆ ಇದೆಯೇ? ಕೇರಳದ ಕನ್ನಡಿಗರು ತಿಳಿದಿರಬೇಕಾದ ವಾಹನ ವಿಮೆಯ ಒಳಲೆಕ್ಕ

ಕೊಚ್ಚಿ: ಸ್ಕೂಟರಿನ ವಿಮೆ ಮುಗಿಯುತ್ತಿದೆ ಎಂದು ಮೊಬೈಲಿಗೆ ಸಂದೇಶ ಬಂದೊಡನೆ, ಎಲ್ಲಕ್ಕಿಂತ ಕಡಿಮೆ ಮೊತ್ತದ್ದನ್ನು ಆರಿಸಿ ಹಣ ಕಟ್ಟಿ, ಪಾಲಿಸಿಯನ್ನು ತೆರೆದೂ ನೋಡದೆ ಬಿಡುವುದು ಇಂದಿನ ರೂಢಿ. ಹಿಂದೆ ಏಜೆಂಟರು ಅಂಗಡಿಗೋ ಆಫೀಸಿಗೋ ಬಂದು ಕಾಗದ ಕೊಟ್ಟು ಹೋಗುತ್ತಿದ್ದರು. ಆಗಲೂ ಅದನ್ನು ಓದುತ್ತಿದ್ದವರು ಕಡಿಮೆಯೇ. ಆದರೆ ಆಗ ಕೇಳಿ ತಿಳಿಯಲು ಎದುರಿಗೆ ಒಬ್ಬ ಮನುಷ್ಯನಾದರೂ ಇದ್ದ.

ಆ ಮನುಷ್ಯನ ಕೆಲಸವನ್ನು ಈಗ ನಮ್ಮವರೇ ಕೆಲವರು ಮಾಡಹೊರಟಿದ್ದಾರೆ. ಕೊಚ್ಚಿ, ತಿರುವನಂತಪುರಗಳಲ್ಲಿ ಹೋಟೆಲು, ಅಂಗಡಿ, ಬ್ಯಾಂಕು ಎಂದು ನೆಲೆಸಿದ ಕುಟುಂಬಗಳಲ್ಲಿ ಮನೆಯಿಂದಲೇ ಒಂದಿಷ್ಟು ಸಂಪಾದಿಸಲು ಬಯಸುವ ಗೃಹಿಣಿಯರು, ನಿವೃತ್ತರು, ಪದವಿ ಮುಗಿಸಿ ಕೆಲಸ ಹುಡುಕುವ ಹುಡುಗರು ವಿಮಾ ಏಜೆನ್ಸಿಯ ಪರೀಕ್ಷೆಯತ್ತ ನೋಡುತ್ತಾರೆ. ಹತ್ತನೇ ತರಗತಿ ಪಾಸಾಗಿದ್ದರೆ ಸಾಕು. ‘ಪಾಯಿಂಟ್ ಆಫ್ ಸೇಲ್ಸ್ ಪರ್ಸನ್’ ಎಂಬ ಸರಳ ಏರ್ಪಾಡನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2015ರಲ್ಲಿ ತಂದಿತು. ಅದಕ್ಕೆ 15 ಗಂಟೆಗಳ ತರಬೇತಿ ಮತ್ತು ಒಂದು ಪರೀಕ್ಷೆ ಇದೆ. ಏಜೆಂಟರ ಪರೀಕ್ಷೆಗೆ ಮುಂಬೈಯ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ‘ಐಸಿ-38’ ಪಠ್ಯವನ್ನು ಓದಬೇಕು. ಪಾಸಾಗಲು ಶೇ. 35 ಅಂಕ ಸಾಕು. ಈ ಪಠ್ಯ ಕನ್ನಡದಲ್ಲೂ ಮಲಯಾಳದಲ್ಲೂ ಇದೆ. ಜನ ಇದನ್ನು ಇಂದಿಗೂ ‘ಲೈಸೆನ್ಸ್ ಪರೀಕ್ಷೆ’ ಎನ್ನುತ್ತಾರಾದರೂ, 2015ರ ತಿದ್ದುಪಡಿ ಕಾಯ್ದೆಯ ಬಳಿಕ ಏಜೆಂಟರಿಗೆ ಪ್ರಾಧಿಕಾರದ ಲೈಸೆನ್ಸ್ ಇಲ್ಲ. ಕಂಪೆನಿಯೇ ನೇಮಕಪತ್ರ ಕೊಡುತ್ತದೆ.

ಶೇ. 35 ಎಂಬುದು ಪರೀಕ್ಷೆಯ ಮಟ್ಟಿಗೆ ಸರಿ. ಆದರೆ ಉಳಿದ ಶೇ. 65ರಲ್ಲಿ ಬಿಟ್ಟುಹೋದ ಪ್ರಶ್ನೆಯೇ ನಾಳೆ ಪರಿಚಯದವರ ಮನೆಯಲ್ಲಿ ಸಾವು ಸಂಭವಿಸಿದಾಗ ಎದುರಾದರೆ ಏನು ಉತ್ತರ? ವಾಹನ ವಿಮೆಯ ಅಧ್ಯಾಯವನ್ನು ಬಾಯಿಪಾಠ ಮಾಡಿದರೆ ಸಾಲದು ಎನ್ನುವುದು ಇದಕ್ಕೇ. 2022ರಲ್ಲಿ ಕೇರಳದ ರಸ್ತೆಗಳಲ್ಲಿ 40 ಸಾವಿರಕ್ಕೂ ಹೆಚ್ಚು ಅಪಘಾತಗಳಾಗಿ 4 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದಾರೆ ಎಂಬುದನ್ನು ಇಲ್ಲಿ ನೆನೆಯಬೇಕು.

‘ಫಸ್ಟ್ ಪಾರ್ಟಿ’ ಎಂಬ ಪಾಲಿಸಿ ಇಲ್ಲ

ಮೊದಲಿಗೆ ಹೆಸರುಗಳ ಗೊಂದಲ. ಕಾಸರಗೋಡಿನಿಂದ ಪಾರಶ್ಶಾಲೆಯವರೆಗೆ ಎಲ್ಲಿ ಕೇಳಿದರೂ ‘ಫಸ್ಟ್ ಪಾರ್ಟಿ ಇದೆ’, ‘ಫುಲ್ ಕವರ್ ಇದೆ’ ಎಂಬ ಮಾತು ಕೇಳಿಬರುತ್ತದೆ. ಯಾವ ಪಾಲಿಸಿಯಲ್ಲೂ ಈ ಪದಗಳು ಇರುವುದಿಲ್ಲ. ವಿಮೆ ಮಾಡಿಸಿದವನು ಮೊದಲನೆಯವನು, ಕಂಪೆನಿ ಎರಡನೆಯದು, ಈ ವಾಹನದಿಂದ ನಷ್ಟಕ್ಕೊಳಗಾದ ಹೊರಗಿನವನು ಮೂರನೆಯವನು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಕಡ್ಡಾಯ ಮಾಡಿರುವುದು ಈ ಮೂರನೆಯವನ ರಕ್ಷಣೆಯನ್ನು ಮಾತ್ರ. ವಾಹನದ ಮಾಲಿಕನ ಬಗ್ಗೆ ಕಾನೂನಿಗೆ ಅಷ್ಟೇನೂ ಚಿಂತೆಯಿಲ್ಲ. ರಸ್ತೆ ದಾಟುವವನ ಬಗ್ಗೆ ಇದೆ.

ಹೀಗಾಗಿ ಸಿಗುವ ಪಾಲಿಸಿಗಳಲ್ಲಿ ‘ಲಯಬಿಲಿಟಿ ಓನ್ಲಿ’ ಎಂಬುದು ಮೂರನೆಯವರಿಗಷ್ಟೇ. ‘ಪ್ಯಾಕೇಜ್’ ಎಂಬುದರಲ್ಲಿ ಅದರೊಂದಿಗೆ ಸ್ವಂತ ವಾಹನದ ಹಾನಿಯೂ ಸೇರಿರುತ್ತದೆ. ಸ್ವಂತ ಹಾನಿಯನ್ನು ಮಾತ್ರ ಬೇರೆಯಾಗಿ ಕೊಳ್ಳುವ ಅವಕಾಶ 2019ರ ಸೆಪ್ಟೆಂಬರ್ 1ರಿಂದ ಬಂದಿದೆ. ಹೊಸ ಕಾರಿಗೆ 3 ವರ್ಷ, ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ತೆಗೆಯಬೇಕೆಂಬ ನಿಯಮ 2018ರ ಸೆಪ್ಟೆಂಬರ್‌ನಿಂದ ಸುಪ್ರೀಂ ಕೋರ್ಟಿನ ಆದೇಶದಂತೆ ಜಾರಿಗೆ ಬಂತು. ಇಲ್ಲೊಂದು ಅಪಾಯ ಅಡಗಿದೆ. ಸ್ಕೂಟರಿಗೆ ‘5 ವರ್ಷದ ಇನ್ಶೂರೆನ್ಸ್ ಇದೆ’ ಎಂದು ನಿಶ್ಚಿಂತೆಯಿಂದ ಇರುವವರಲ್ಲಿ ಹಲವರಿಗೆ ಸ್ವಂತ ಹಾನಿಯ ಭಾಗ ಒಂದೇ ವರ್ಷಕ್ಕೆ ಮುಗಿದಿರುತ್ತದೆ. ಪಾಲಿಸಿಯ ಮೊದಲ ಪುಟದಲ್ಲಿ ಎರಡು ಬೇರೆ ಬೇರೆ ಮುಕ್ತಾಯ ದಿನಾಂಕಗಳು ಮುದ್ರಿತವಾಗಿರುತ್ತವೆ, ನೋಡಿಕೊಳ್ಳುವುದು ಒಳ್ಳೆಯದು.

ಥರ್ಡ್ ಪಾರ್ಟಿ ಪ್ರೀಮಿಯಂ ಕಂಪೆನಿಗಳ ಕೈಯಲ್ಲಿಲ್ಲ, ಸರಕಾರ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 75ರಿಂದ 150 ಸಿಸಿಯ ಬೈಕಿಗೆ ವರ್ಷಕ್ಕೆ 714 ರೂ., 1000ದಿಂದ 1500 ಸಿಸಿಯ ಖಾಸಗಿ ಕಾರಿಗೆ 3,416 ರೂ. ಇದೆ. ಇದರ ಮೇಲೆ ಶೇ. 18 ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗಳಿಗೆ ತೆರಿಗೆ ಹೋಯಿತೆಂದು ಸುದ್ದಿ ಬಂದಾಗ ಕಾರಿನ ವಿಮೆಗೂ ಹೋಯಿತೆಂದು ತಿಳಿದವರಿದ್ದಾರೆ. ಅದಕ್ಕೆ ಹೋಗಿಲ್ಲ.

ಹಿಂದೆ ಕುಳಿತವರ ಪಾಡು

ಬೈಕಿನಲ್ಲಿ ಒಬ್ಬರೇ ಹೋಗುವುದು ಕಡಿಮೆ. ಹೆಂಡತಿ, ಮಗಳು, ಜತೆಗೆ ಕೆಲಸ ಮಾಡುವವನು, ಯಾರಾದರೂ ಹಿಂದೆ ಇರುತ್ತಾರೆ. ಆ ಹಿಂಬದಿ ಸವಾರ ‘ಮೂರನೆಯವ’ನೇ? ಸಾಮಾನ್ಯ ಬುದ್ಧಿಗೆ ಹೌದೆನಿಸುತ್ತದೆ. ಸ್ಕೂಟರಿನ ಹಿಂಬದಿಯಲ್ಲಿದ್ದವರ ಸಾವಿಗೆ ಸಂಬಂಧಿಸಿ ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಅಲ್ಲ ಎಂದಿತು. ಕಾಯ್ದೆಗಷ್ಟೇ ಸೀಮಿತವಾದ ಪಾಲಿಸಿಯಲ್ಲಿ ಹಿಂಬದಿ ಸವಾರನ ಹೊಣೆ ಕಂಪೆನಿಗಿಲ್ಲ. ಖಾಸಗಿ ಕಾರಿನಲ್ಲಿ ಉಚಿತವಾಗಿ ಕುಳಿತು ಹೋದವರಿಗೂ ಇದೇ ಮಾತು. ಪ್ಯಾಕೇಜ್ ಪಾಲಿಸಿಯಾದರೆ ಇವರಿಬ್ಬರೂ ಒಳಗೆ ಬರುತ್ತಾರೆ ಎಂದು ಪ್ರಾಧಿಕಾರ 2009ರ ನವೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿ ಖಚಿತಪಡಿಸಿತು. 2012ರಲ್ಲಿ ಸುಪ್ರೀಂ ಕೋರ್ಟೂ ಈ ವ್ಯತ್ಯಾಸವನ್ನು ಎತ್ತಿಹಿಡಿಯಿತು.

ಅರ್ಥಾತ್, ಅತಿ ಕಡಿಮೆ ಬೆಲೆಯ ವಿಮೆಯನ್ನು ಆರಿಸಿದ ಗಂಡ ತನ್ನ ತಪ್ಪಿನಿಂದಲೇ ಬಿದ್ದು ಹಿಂದಿದ್ದ ಹೆಂಡತಿಗೆ ಪೆಟ್ಟಾದರೆ ಆ ಪಾಲಿಸಿಯಿಂದ ಬಿಡಿಗಾಸೂ ಬರುವುದಿಲ್ಲ. ಟ್ಯಾಕ್ಸಿ, ಆಟೋರಿಕ್ಷಾಗಳಲ್ಲಿ ಬಾಡಿಗೆ ಕೊಟ್ಟು ಹೋಗುವವರು ಮಾತ್ರ ಕಡ್ಡಾಯ ವಿಮೆಯಲ್ಲೇ ಸೇರಿದ್ದಾರೆ.

ಇನ್ನು ಗಾಡಿ ಓಡಿಸುವ ಮಾಲಿಕನ ವಿಚಾರ. ಆತನೂ ಮೂರನೆಯವನಲ್ಲ. ಅವನಿಗಾಗಿ ವೈಯಕ್ತಿಕ ಅಪಘಾತ ವಿಮೆ ಎಂಬ ಬೇರೆಯ ಕಲಂ ಇದೆ. ಹಿಂದೆ ದ್ವಿಚಕ್ರಕ್ಕೆ 1 ಲಕ್ಷ, ಕಾರಿಗೆ 2 ಲಕ್ಷ ಎಂದಿದ್ದ ಇದನ್ನು 2018ರಲ್ಲಿ 15 ಲಕ್ಷಕ್ಕೆ ಏರಿಸಲಾಯಿತು. ಸಾವು, ಶಾಶ್ವತ ಅಂಗವೈಕಲ್ಯಕ್ಕೆ ಹಣ ಬರುತ್ತದೆ, ಆಸ್ಪತ್ರೆಯ ಬಿಲ್ಲಿಗೆ ಬರುವುದಿಲ್ಲ. ಪಾಲಿಸಿ ಮತ್ತು ಆರ್‌ಸಿ ಎರಡೂ ಅವನ ಹೆಸರಿನಲ್ಲಿರಬೇಕು, ಚಾಲ್ತಿಯಲ್ಲಿರುವ ಡ್ರೈವಿಂಗ್ ಲೈಸೆನ್ಸ್ ಇರಬೇಕು. ‘ಬೇರೆಡೆ ಅಪಘಾತ ವಿಮೆ ಇದೆ’ ಎಂದು ಒಂದು ಗುರುತು ಹಾಕಿದರೆ ಇದನ್ನು ಬಿಡಬಹುದು. ಕೆಲವು ನೂರು ರೂಪಾಯಿ ಉಳಿಯುತ್ತದೆಂದು ಇಲ್ಲದ ವಿಮೆಯನ್ನು ಇದೆಯೆಂದು ಗುರುತು ಹಾಕುವವರು ಏನನ್ನು ಬಿಟ್ಟುಕೊಡುತ್ತಿದ್ದಾರೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಪರವೂರಿನಲ್ಲಿ ದುಡಿಯುವ ನಮ್ಮವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಎರವಲು ಗಾಡಿಯ ಪ್ರಶ್ನೆ. ರೂಮಿನಲ್ಲಿ ನಾಲ್ವರಿದ್ದರೆ ಬೈಕು ಒಂದೇ ಇರುತ್ತದೆ, ಎಲ್ಲರೂ ಓಡಿಸುತ್ತಾರೆ. ಬಾಗಲಕೋಟೆ ಕಡೆಯ ಇಳಕಲ್-ಕುಷ್ಟಗಿ ರಸ್ತೆಯಲ್ಲಿ ಸ್ನೇಹಿತನ ಬೈಕು ಪಡೆದು ಊರಿಗೆ ಹೊರಟಿದ್ದವರೊಬ್ಬರು ಮುಂದಿದ್ದ ಎತ್ತಿನ ಗಾಡಿಗೆ ಡಿಕ್ಕಿಯಾಗಿ ತೀರಿಕೊಂಡ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರಲ್ಲಿ ಬಂದ ತೀರ್ಪಿನ ಸಾರ ಇಷ್ಟು: ಮಾಲಿಕನಿಂದ ಗಾಡಿ ಎರವಲು ಪಡೆದವನು ಮಾಲಿಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಆದ್ದರಿಂದ ಆ ಗಾಡಿಯ ವಿಮೆಗೆ ಆತ ಮೂರನೆಯವನಲ್ಲ, ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುತ್ತಿದ್ದ ಆಗಿನ 163-ಎ ಕಲಮಿನಡಿ ಆತನ ವಾರಸುದಾರರು ಕೇಳಲಾಗದು. ಹಾಗೆಂದು ಮಾಲಿಕನ 15 ಲಕ್ಷದ ಅಪಘಾತ ವಿಮೆ ಅವನಿಗೆ ಸಿಕ್ಕೀತೆಂದು ನಂಬಿ ಕೂರುವಂತಿಲ್ಲ, ಪಾಲಿಸಿಯ ಮಾತಿನಲ್ಲಿ ಅದು ನೋಂದಾಯಿತ ಮಾಲಿಕನಿಗೆ. ಎದುರಿನ ವಾಹನದ ತಪ್ಪಿದ್ದರೆ ಅದರ ಕಂಪೆನಿಯಿಂದ ಕೇಳಬಹುದು. ತಾನೇ ಜಾರಿ ಮರಕ್ಕೆ ಬಡಿದರೆ ಕೇಳಲು ಎದುರಿನ ಕಂಪೆನಿಯೇ ಇರುವುದಿಲ್ಲ. ಇಂಥವರಿಗೆ ಇರುವ ದಾರಿ ಎಂದರೆ ಗಾಡಿಗೆ ಸಂಬಂಧವಿಲ್ಲದ ಸ್ವಂತ ಅಪಘಾತ ವಿಮೆ. ಬ್ಯಾಂಕ್ ಖಾತೆಯಿಂದಲೇ ವರ್ಷಕ್ಕೆ 20 ರೂ. ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 2 ಲಕ್ಷ ರೂ. ಇದೆ. ಹೋಟೆಲುಗಳ ಮಾಲಿಕರು ಕೆಲಸಕ್ಕೆ ಸೇರುವ ಹುಡುಗರಿಗೆ ಖಾತೆ ತೆರೆಸುವಾಗಲೇ ಈ ಫಾರ್ಮಿಗೂ ಸಹಿ ಹಾಕಿಸಬಹುದು.

ಚೆಕ್ಕು ಮರಳಿದರೆ?

ಪರೀಕ್ಷೆಯಲ್ಲಿ ತಪ್ಪದೆ ಬರುವಂಥದ್ದು 1938ರ ವಿಮಾ ಕಾಯ್ದೆಯ 64-ವಿಬಿ ಕಲಂ. ಪ್ರೀಮಿಯಂ ಕೈಸೇರದೆ ಕಂಪೆನಿ ಹೊಣೆ ಹೊರುವಂತಿಲ್ಲ ಎಂಬುದು ಅದರ ತಿರುಳು. ಹಾಗಾದರೆ ಚೆಕ್ಕು ಕೊಟ್ಟು ಪಾಲಿಸಿ ಪಡೆದು, ಆ ಚೆಕ್ಕು ಖಾತೆಯಲ್ಲಿ ಹಣವಿಲ್ಲದೆ ಮರಳಿ, ಅಷ್ಟರಲ್ಲಿ ಅಪಘಾತವಾದರೆ? ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿದೆ. ಪಾಲಿಸಿ ರದ್ದಾಗಿದೆ ಎಂಬ ತಿಳಿವಳಿಕೆ ಅಪಘಾತಕ್ಕೆ ಮೊದಲೇ ಮಾಲಿಕನಿಗೆ ತಲುಪಿದ್ದರೆ ಕಂಪೆನಿ ಪಾರು. ತಲುಪಿರದಿದ್ದರೆ ಮೂರನೆಯವರಿಗೆ ಕಂಪೆನಿ ಕೊಡಲೇಬೇಕು, ಬಳಿಕ ಬೇಕಾದರೆ ಮಾಲಿಕನಿಂದ ವಸೂಲು ಮಾಡಿಕೊಳ್ಳಬಹುದು. ಇದರಿಂದ ಚೆಕ್ಕು ಕೊಟ್ಟವನಿಗೆ ಯಾವ ಲಾಭವೂ ಇಲ್ಲ, ಪೆಟ್ಟು ತಿಂದವನಿಗಷ್ಟೇ ರಕ್ಷಣೆ. ಈಗ ಚೆಕ್ಕಿನ ಕಾಲ ಮುಗಿಯುತ್ತ ಬಂದಿದೆ. ಆದರೂ ಖಾತೆಯಿಂದ ಹಣ ಕಡಿತವಾದ ಸಂದೇಶ ಬಂದ ಮಾತ್ರಕ್ಕೆ ಪಾಲಿಸಿ ಬಂತೆಂದು ತಿಳಿಯದೆ, ಪಾಲಿಸಿ ನಂಬರನ್ನು ಕಣ್ಣಾರೆ ಕಂಡ ಮೇಲೆಯೇ ಗಾಡಿ ರಸ್ತೆಗಿಳಿಸುವುದು ಕ್ಷೇಮ.

ಸಾಲದ ಕಾರಾದರೆ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿರುತ್ತದೆ. ಕಾರು ಪೂರ್ತಿ ನಾಶವಾದಾಗ ಅಥವಾ ಕಳವಾದಾಗ ಹಣ ಮೊದಲು ಹೋಗುವುದು ಸಾಲದ ಬಾಕಿಗೆ. ಸಾಲ ತೀರಿಸಿ ವರ್ಷಗಳಾದರೂ ಆರ್‌ಸಿಯಿಂದಲೂ ಪಾಲಿಸಿಯಿಂದಲೂ ಬ್ಯಾಂಕಿನ ಹೆಸರು ತೆಗೆಸದೆ, ಕ್ಲೇಮಿನ ಹೊತ್ತಿಗೆ ಶಾಖೆಯಿಂದ ಶಾಖೆಗೆ ಅಲೆಯುವವರು ಅನೇಕರು. ಸಾಲ ಕೊಟ್ಟ ಬ್ಯಾಂಕೇ ಈಗ ವಿಲೀನವಾಗಿ ಬೇರೆ ಹೆಸರಾಗಿರುವುದೂ ಉಂಟು: ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್, ಕಾರ್ಪೊರೇಶನ್ ಬ್ಯಾಂಕುಗಳು 2020ರಲ್ಲಿ ಹಾಗಾದವು.

ಕೊಚ್ಚಿಗಿಂತ ತಿರುವನಂತಪುರ ದುಬಾರಿ!

ಪರೀಕ್ಷೆಯ ಓದಿನಲ್ಲಿ ಒಂದು ತಮಾಷೆಯ ಸಂಗತಿಯಿದೆ. 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನಲ್ಲಿ ದೇಶವನ್ನು ವಲಯಗಳಾಗಿ ವಿಂಗಡಿಸಲಾಗಿದೆ. ಖಾಸಗಿ ಕಾರು, ದ್ವಿಚಕ್ರಗಳಿಗೆ ಬೆಂಗಳೂರು, ಚೆನ್ನೈ, ಮುಂಬೈ, ಹೈದರಾಬಾದ್ ಸಹಿತ ಎಂಟು ನಗರಗಳು ‘ಎ’ ವಲಯ, ಉಳಿದುದೆಲ್ಲ ‘ಬಿ’. ಇಲ್ಲಿ ಕೊಚ್ಚಿಯೂ ತಿರುವನಂತಪುರವೂ ಸಮಾನ. ಆದರೆ ಸರಕು ಲಾರಿ, ಬಸ್ಸುಗಳ ಲೆಕ್ಕ ಬೇರೆ. ಅಲ್ಲಿ ನಾಲ್ಕು ಮಹಾನಗರಗಳು ‘ಎ’, ಉಳಿದ ರಾಜ್ಯಗಳ ರಾಜಧಾನಿಗಳು ‘ಬಿ’, ಮಿಕ್ಕವು ‘ಸಿ’. ಹಾಗಾಗಿ ಬಂದರು, ಕಂಟೇನರ್ ಲಾರಿಗಳ ಸಾಲೇ ಇರುವ ಕೊಚ್ಚಿ ‘ಸಿ’ ವಲಯಕ್ಕೆ ಸೇರಿ, ರಾಜಧಾನಿ ಎಂಬ ಒಂದೇ ಕಾರಣಕ್ಕೆ ತಿರುವನಂತಪುರ ‘ಬಿ’ ಆಗಿದೆ! ವಲಯವನ್ನು ನಿರ್ಧರಿಸುವುದು ಗಾಡಿ ಎಲ್ಲಿ ಓಡುತ್ತದೆ ಎಂಬುದಲ್ಲ, ಎಲ್ಲಿ ನೋಂದಣಿಯಾಗಿದೆ ಎಂಬುದು. 2007ರ ಜನವರಿಯಿಂದ ಸ್ವಂತ ಹಾನಿಯ ದರ ನಿಗದಿಯಲ್ಲಿ ಕಂಪೆನಿಗಳಿಗೆ ಸ್ವಾತಂತ್ರ್ಯ ಬಂದರೂ ಓದುವವರು ಇದನ್ನು ಓದಲೇಬೇಕು.

ಇದಕ್ಕಿಂತ ಗಂಭೀರವಾದುದು ಬಳಕೆಯ ಮಿತಿ. ಖಾಸಗಿ ನಂಬರಿನ ಕಾರನ್ನು ಬಾಡಿಗೆಗೆ ಬಿಟ್ಟರೆ ಪಾಲಿಸಿಯ ಶರತ್ತು ಮುರಿದಂತೆ. ಮಂಡಲ-ಮಕರವಿಳಕ್ಕು ಕಾಲದಲ್ಲಿ ಊರಿನಿಂದ ಬಂದ ಅಯ್ಯಪ್ಪ ಭಕ್ತರನ್ನು ನೆಡುಂಬಾಶ್ಶೇರಿ ವಿಮಾನ ನಿಲ್ದಾಣದಿಂದಲೋ ಎರ್ನಾಕುಳಂ ಸ್ಟೇಷನ್‌ನಿಂದಲೋ ಪಂಪಾಕ್ಕೆ ‘ಪೆಟ್ರೋಲು ಖರ್ಚಿಗೆ ಸ್ವಲ್ಪ ಸೇರಿಸಿ ಕೊಡಿ’ ಎಂದು ಕರೆದೊಯ್ಯುವ ಉಪಕಾರ ಬುದ್ಧಿಯವರು ಇದನ್ನು ಗಮನಿಸಬೇಕು. ಬಾಡಿಗೆ ಎಂದು ಸಾಬೀತಾದರೆ ಸ್ವಂತ ಹಾನಿ ಸಿಗುವುದು ಕಷ್ಟ. ಮೂರನೆಯವರಿಗೆ ಕೊಟ್ಟ ಹಣವನ್ನೂ ಕಂಪೆನಿ ಮಾಲಿಕನಿಂದ ವಸೂಲು ಮಾಡಬಹುದು. ಲೈಸೆನ್ಸ್ ವಿಚಾರದಲ್ಲಿ ಮಾತ್ರ ಒಂದು ನಿರಾಳವಿದೆ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ನೀರು ನುಗ್ಗಿದ ಕಾರು

2018ರ ಆಗಸ್ಟ್ ಪ್ರಳಯವನ್ನು ಕೇರಳದಲ್ಲಿದ್ದವರು ಯಾರೂ ಮರೆತಿಲ್ಲ. ಪೆರಿಯಾರ್ ಉಕ್ಕಿ ಆಲುವಾ ಮುಳುಗಿತ್ತು, ಕೊಚ್ಚಿ ವಿಮಾನ ನಿಲ್ದಾಣ ಆಗಸ್ಟ್ 15ರಿಂದ 29ರವರೆಗೆ ಮುಚ್ಚಿತ್ತು. ಅದೇ ದಿನಗಳಲ್ಲಿ ನಮ್ಮ ಕೊಡಗೂ ಕುಸಿದಿತ್ತು. ಅಷ್ಟು ದೊಡ್ಡ ನೆರೆ ಬಾರದಿದ್ದರೂ ಎರ್ನಾಕುಳಂನ ಕೆಎಸ್‌ಆರ್‌ಟಿಸಿ ಸ್ಟ್ಯಾಂಡ್, ತಿರುವನಂತಪುರದ ತಂಪಾನೂರು ಒಂದು ಜೋರು ಮಳೆಗೇ ತುಂಬುತ್ತವೆ.

ನೆರೆಯ ಹಾನಿ ಪ್ಯಾಕೇಜ್ ಪಾಲಿಸಿಯಲ್ಲಿ ಸೇರಿದೆ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಏನೂ ಇಲ್ಲ. ಆದರೆ ನೀರಿನಲ್ಲಿ ನಿಂತ ಕಾರನ್ನು ‘ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ’ ಎಂದು ಕೀಲಿ ತಿರುಗಿಸಿದರೆ ಇಂಜಿನಿನೊಳಗೆ ನೀರು ಹೀರಿ ಒಳಭಾಗ ಮುರಿಯುತ್ತದೆ. ಇದು ನೆರೆಯಿಂದಲ್ಲ, ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿ ಎಂದು ಸರ್ವೇಯರ್ ಬರೆದರೆ, ಇಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ತೆಗೆಯದವರ ಕೈಗೆ ಭಾರೀ ಬಿಲ್ಲು ಬರುತ್ತದೆ. ಕಾರನ್ನು ಮುಟ್ಟದೆ ಫೋಟೊ ತೆಗೆದು, ಕಂಪೆನಿಗೆ ತಿಳಿಸಿ, ಎಳೆಸಿಕೊಂಡು ಹೋಗಬೇಕು.

ಪೂರ್ತಿ ನಾಶವಾದರೆ ಸಿಗುವುದು ‘ಐಡಿವಿ’ ಎಂಬ ನಮೂದಿತ ಬೆಲೆ, ಕೊಂಡ ಬೆಲೆಯಲ್ಲ. ರಿಪೇರಿ ಖರ್ಚು ಇದರ ಶೇ. 75 ಮೀರಿದರೆ ಪೂರ್ತಿ ನಾಶವೆಂದೇ ಲೆಕ್ಕ. 4 ವರ್ಷ ದಾಟಿ 5ರೊಳಗಿನ ಕಾರಿಗೆ ಟ್ಯಾರಿಫ್ ಪ್ರಕಾರ ಶೇ. 50 ಸವಕಳಿ. ಪ್ರೀಮಿಯಂ ಇಳಿಸಲು ಐಡಿವಿ ಇಳಿಸಿ ಕೊಡುವ ಏಜೆಂಟರ ‘ಸಹಾಯ’ದ ಬೆಲೆ ಆಗ ತಿಳಿಯುತ್ತದೆ.

ಸಣ್ಣ ರಿಪೇರಿಯಲ್ಲೂ ಬಿಲ್ಲು ಪೂರ್ತಿ ಬರುವುದಿಲ್ಲ. ಮೂರೂವರೆ ವರ್ಷ ಹಳೆಯ, 1500 ಸಿಸಿಯೊಳಗಿನ ಒಂದು ಕಾರಿನ ಉದಾಹರಣೆ ನೋಡೋಣ. ಬಾಗಿಲು 12,000, ಪ್ಲಾಸ್ಟಿಕ್ ಬಂಪರ್ 8,000, ಗಾಜು 6,000, ಕೂಲಿ 9,000, ಒಟ್ಟು 35,000 ರೂ. ಲೋಹದ ಬಾಗಿಲಿಗೆ ಶೇ. 25ರಂತೆ 3,000, ಬಂಪರಿಗೆ ಶೇ. 50ರಂತೆ 4,000 ಸವಕಳಿ. ಗಾಜಿಗೆ ಸವಕಳಿ ಇಲ್ಲ. ಮೇಲೆ ಕಡ್ಡಾಯ ಕಡಿತ 1,000. ಕೈಗೆ ಬರುವುದು 27,000. ಜನ ‘ಬಂಪರ್ ಟು ಬಂಪರ್’ ಎನ್ನುವ ಸವಕಳಿರಹಿತ ಕವರ್ ಇದ್ದರೆ 34,000 ಬರುತ್ತಿತ್ತು. ಇಷ್ಟೇ ‘ಫುಲ್ ಕವರ್’ನ ಗುಟ್ಟು.

ಕ್ಲೇಮು ಮಾಡದೆ ಬಂದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 20ರಿಂದ ಏರುತ್ತ ಐದು ವರ್ಷಕ್ಕೆ ಶೇ. 50ರವರೆಗೆ ಬೋನಸ್ ಇದೆ. ಅದು ಗಾಡಿಯದ್ದಲ್ಲ, ಮಾಲಿಕನದ್ದು. ಹಳೆ ಕಾರು ಕೊಂಡವನಿಗೆ ಹೋಗುವುದಿಲ್ಲ. ಪಾಲಿಸಿ ಮುಗಿದು 90 ದಿನ ಕಳೆದರೆ ಇದೂ ಕಳೆಯಿತು.

ಹಳೆ ಗಾಡಿ ಮಾರಿದವರು ಹಣ ಎಣಿಸಿಕೊಂಡು ಸುಮ್ಮನಾಗಬಾರದು. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಹೊಣೆ ನೋಂದಾಯಿತ ಮಾಲಿಕನದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವರ್ಗವಾಗಿ ಊರು ಬಿಡುವ ನೌಕರರು ‘ಪರಿಚಯದವರೇ’ ಎಂದು ಬರಿಯ ಫಾರ್ಮಿಗೆ ಸಹಿ ಹಾಕಿ ಸ್ಕೂಟರು ಬಿಟ್ಟುಹೋಗುವುದು ನಮ್ಮಲ್ಲಿ ಸಾಮಾನ್ಯ. ಕೊಂಡವರು 14 ದಿನಗಳೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಲು ಕಂಪೆನಿಗೆ ಅರ್ಜಿ ಕೊಡಬೇಕು.

ದಾವೆ ಎಲ್ಲಿ?

ಅಪಘಾತವಾದದ್ದು ಕೊಚ್ಚಿಯಲ್ಲಿ, ಕುಟುಂಬ ಇರುವುದು ಕುಂದಾಪುರದಲ್ಲಿ. ಮಲಯಾಳ ಬಾರದ ಹೆಂಗಸು ಎರ್ನಾಕುಳಂ ಕೋರ್ಟಿಗೆ ಅಲೆಯಬೇಕೇ? ಬೇಕಾಗಿಲ್ಲ. ಕಾಯ್ದೆಯ 166ನೇ ಕಲಮಿನ ಪ್ರಕಾರ ಅರ್ಜಿದಾರರು ವಾಸಿಸುವ ಊರಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ದಾವೆ ಹೂಡಬಹುದು. ಇಷ್ಟು ದೊಡ್ಡ ಅನುಕೂಲ ನಮ್ಮ ಅನೇಕ ಕುಟುಂಬಗಳಿಗೆ ತಿಳಿದೇ ಇಲ್ಲ. 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಬಂದಿದೆ. ಇದನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ, ತಡವಾಯಿತೆಂಬ ಒಂದೇ ಕಾರಣಕ್ಕೆ ದಾವೆಗಳನ್ನು ತಳ್ಳಿಹಾಕಬಾರದೆಂದು ಸುಪ್ರೀಂ ಕೋರ್ಟು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿದ್ದರೂ ಅದನ್ನು ನಂಬಿ ಕೂರುವುದು ಬೇಡ. ಎಫ್‌ಐಆರ್ ಪ್ರತಿ, ಮರಣೋತ್ತರ ವರದಿ, ಎದುರಿನ ವಾಹನದ ಪಾಲಿಸಿ ನಂಬರು ಇಷ್ಟನ್ನು ಊರಿಗೆ ಹೊರಡುವ ಮೊದಲೇ ಇಲ್ಲಿಯ ಠಾಣೆಯಿಂದ ಪಡೆಯಬೇಕು. ಡಿಕ್ಕಿ ಹೊಡೆದ ವಾಹನ ಪತ್ತೆಯೇ ಆಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂ. ಸರಕಾರಿ ಯೋಜನೆಯಿಂದ ದೊರೆಯುತ್ತದೆ. ಚಿಕಿತ್ಸೆಗೆ 2025ರ ಮೇಯಲ್ಲಿ ಜಾರಿಯಾದ ಯೋಜನೆಯಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷದ ತನಕ ನಗದುರಹಿತ ಸೌಲಭ್ಯವಿದೆ.

ಸ್ವಂತ ಹಾನಿಯ ಕ್ಲೇಮಿನಲ್ಲಿ ಕಾಗದಪತ್ರ ಸಾಲದೆಂಬ ಕಾರಣಕ್ಕೇ ತಿರಸ್ಕರಿಸಬಾರದೆಂದು ಪ್ರಾಧಿಕಾರ 2024ರ ಜೂನ್‌ನಲ್ಲಿ ಕಂಪೆನಿಗಳಿಗೆ ತಾಕೀತು ಮಾಡಿದೆ. ಅದಾಗಿಯೂ ತಕರಾರಿದ್ದರೆ ಮೊದಲು ಕಂಪೆನಿಗೆ ಲಿಖಿತ ದೂರು ಕೊಟ್ಟು 30 ದಿನ ಕಾಯಬೇಕು. ಉತ್ತರ ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕೇರಳ, ಲಕ್ಷದ್ವೀಪ, ಮಾಹೆಗಳಿಗೆ ಸಂಬಂಧಿಸಿದ ಈ ಕಚೇರಿ ಎರ್ನಾಕುಳಂನಲ್ಲಿದೆ. ತಿರುವನಂತಪುರದವರೂ ಅಲ್ಲಿಗೇ ಬರೆಯಬೇಕು. ಶುಲ್ಕವಿಲ್ಲ, ವಕೀಲರು ಬೇಡ, ಕಂಪೆನಿ ತಿರಸ್ಕರಿಸಿದ ಒಂದು ವರ್ಷದೊಳಗೆ ದೂರು ತಲುಪಿದರಾಯಿತು.